ಸತ್ಯಾಂಶ: ರಜೆಗೆ ಬಂದ ಯೋಧನನ್ನು ಪೊಲೀಸರು ಮುಟ್ಟುವಂತಿಲ್ಲವೇ?

‘ರಜೆಯಲ್ಲಿರುವ ಯೋಧನನ್ನು ಊರ ಪೊಲೀಸರು ಬಂಧಿಸುವಂತಿಲ್ಲ, ಮಿಲಿಟರಿ ಪೊಲೀಸರೇ ಬರಬೇಕು’ ಎಂಬ ಫಾರ್ವರ್ಡ್ ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸೇನೆಯ ಕಾನೂನು ಮಾಡುವ ಅಧಿಕಾರ ಸಂಸತ್ತಿನದು. 1950ರ ಸೇನಾ ಕಾಯ್ದೆ ಅಲ್ಲಿಂದಲೇ ಬಂದದ್ದು. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಬಂಧಿಸಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು ಎನ್ನುವುದು ಬಂಧನ, ವಿಚಾರಣೆಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 42ನೇ ಕಲಂ. ಉದಾಹರಣೆಗೆ, ರಜೆಗೆ ಬಂದವನು ಅಡಿಕೆ ತೋಟದ ಬೇಲಿ ಜಗಳದಲ್ಲಿ ಕತ್ತಿ ಬೀಸಿದರೆ ಅದು ಯಾವ ಲೆಕ್ಕದಲ್ಲೂ ಕರ್ತವ್ಯವಲ್ಲ. ಸ್ಥಳೀಯ ಠಾಣೆಯವರೇ ಎಫ್‌ಐಆರ್ ಹಾಕಿ ಬಂಧಿಸಬಹುದು. ವಿಚಾರಣೆ ಮಾಮೂಲಿ ಕೋರ್ಟಿನಲ್ಲೋ ಸೇನೆಯದೇ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲೋ ಎಂಬುದು ನಂತರದ ಪ್ರಶ್ನೆ. ಎರಡಕ್ಕೂ ಅಧಿಕಾರವಿದ್ದಾಗ ಸೇನಾ ಕಾಯ್ದೆಯ 125, 126ನೇ ಕಲಂಗಳ ಪ್ರಕಾರ ತೀರ್ಮಾನವಾಗುತ್ತದೆ.

ಗೊಂದಲದ ಬೇರು ಬಹುಶಃ ಅದೇ ಸೇನಾ ಕಾಯ್ದೆಯ 28 ಮತ್ತು 29ನೇ ಕಲಂಗಳಲ್ಲಿದೆ. ಸಾಲ ವಸೂಲಿಗಾಗಿ ಸಿವಿಲ್ ಅಥವಾ ಕಂದಾಯ ಕೋರ್ಟಿನ ಆದೇಶದ ಮೇಲೆ ಯೋಧನನ್ನು ಬಂಧಿಸುವಂತಿಲ್ಲ; ಸಂಬಳ, ಆಯುಧ, ಸಮವಸ್ತ್ರ ಜಪ್ತಿ ಮಾಡುವಂತಿಲ್ಲ. ಅಷ್ಟೇ. ಕ್ರಿಮಿನಲ್ ಕೇಸಿಗೆ ಇದು ಅನ್ವಯಿಸದು.

ಫಾರ್ವರ್ಡ್ ಬರೆದವರು 105ನೇ ಕಲಂ ಓದಿದಂತಿಲ್ಲ: ಸೇನೆ ಬಿಟ್ಟು ತಪ್ಪಿಸಿಕೊಂಡವನೆಂದು ಸಕಾರಣ ಅನುಮಾನವಿದ್ದರೆ ಯಾವುದೇ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆಯೇ ಹಿಡಿದು, ತಡಮಾಡದೆ ಹತ್ತಿರದ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು.