ಪಾಲಾದ ಮನೆಯ ಕನೆಕ್ಟರುಗಳು

ಮಲ್ಪೆ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವ, ಹಿಂದೆ ಸೇನೆಯ ವರ್ಕ್‌ಶಾಪಿನಲ್ಲಿದ್ದ ಹಿರಿಯರೊಬ್ಬರ ಮೇಜಿನ ಮೇಲೆ ವಯರುಗಳನ್ನು ಕೂಡಿಸುವ, ಹೆಬ್ಬೆರಳಿನಷ್ಟು ದಪ್ಪದ ಎರಡು ಕನೆಕ್ಟರುಗಳಿವೆ. ಎರಡೂ ಆಲಿವ್ ಹಸಿರು, ಎರಡೂ ಅಮೆರಿಕದ ಸೇನೆಯ ಮಿಲ್-ಡಿಟಿಎಲ್-38999 ಎಂಬ ಒಂದೇ ಮಾನದಂಡಕ್ಕೆ ಸೇರಿದವು. ಆದರೆ ಒಂದಕ್ಕೊಂದು ಕೂಡುವುದಿಲ್ಲ. "ಸ್ಟ್ಯಾಂಡರ್ಡ್ ಉಂಟು ಮಾರಾಯ್ರೆ, ಅದರಲ್ಲೇ ನಾಲ್ಕು ಉಂಟು" ಎಂದು ಅವರು ನಕ್ಕರು.

ನಿಜಕ್ಕೂ ಸರಣಿಗಳು ನಾಲ್ಕು. ಮೊದಲಿನ ಎರಡನ್ನು ಹೋಲ್ಡರಿಗೆ ಬಲ್ಬು ಹಾಕುವಂತೆ ಒತ್ತಿ ತಿರುಗಿಸಬೇಕು, ಮೂರನೆಯದಕ್ಕೆ ತಿರುಪು, ನಾಲ್ಕನೆಯದಕ್ಕೆ ಫಿರಂಗಿಯ ಹಿಂಬಾಗಿಲಿನಂಥ ಬೀಗ. ಪಾಲಾದ ಕುಟುಂಬದವರು ದೈವದ ನೇಮಕ್ಕಾದರೂ ಒಟ್ಟು ಸೇರುತ್ತಾರೆ. ಇವು ಅದಕ್ಕೂ ಸೇರವು. ಹಾಗಿದ್ದರೂ ಕಾಗದದ ಮೇಲೆ ಎರಡಕ್ಕೂ "ಮಾನದಂಡಕ್ಕೆ ಅನುಗುಣ" ಎಂಬ ಒಂದೇ ಮುದ್ರೆ ಬೀಳುವುದರಿಂದ, ಒಂದು ಉಪಕರಣದ ಪೆಟ್ಟಿಗೆಯನ್ನು ಒಬ್ಬರಿಂದಲೂ ಅದರ ಕೇಬಲ್ಲನ್ನು ಮತ್ತೊಬ್ಬರಿಂದಲೂ ತರಿಸಿದ ಕಚೇರಿಯಲ್ಲಿ ಯಾರ ತಪ್ಪೂ ಇರುವುದಿಲ್ಲ.

ಒಂದೇ ಸರಣಿಯೊಳಗೂ ಜಾತಕ ನೋಡಬೇಕು. ಚಿಪ್ಪಿನ ಅಳತೆ, ಪಿನ್ನುಗಳ ಜೋಡಣೆ, ಗಂಡೋ ಹೆಣ್ಣೋ ಎಂಬುದು ಹೊಂದಿದ ಮೇಲೂ ಮೂರನೆಯ ಸರಣಿಯಲ್ಲಿ ಚಿಪ್ಪಿನಂಚಿನ ಸೀಳುಗಳ ಜೋಡಣೆಯಲ್ಲಿ ಎನ್, ಎ, ಬಿ, ಸಿ, ಡಿ, ಇ ಎಂದು ಆರು ಬಗೆಗಳಿವೆ. ಅಕ್ಕಪಕ್ಕದವನ್ನು ಅದಲುಬದಲು ಸಿಕ್ಕಿಸಿ ದೀಪದ ಬದಲು ಬೇರೇನೋ ಹತ್ತಿಕೊಳ್ಳಬಾರದೆಂಬ ಈ ಮುನ್ನೆಚ್ಚರಿಕೆ ಮಾತ್ರ ಮೆಚ್ಚತಕ್ಕದ್ದೇ.

ವಸ್ತುವೇನೂ ಕಳಪೆಯಲ್ಲ. ಕ್ಯಾಡ್ಮಿಯಮ್ ಲೇಪದ ಆ ಹಸಿರು ಚಿಪ್ಪು 35 ಡಿಗ್ರಿ ಶಾಖದಲ್ಲಿ, ಶೇಕಡಾ 5ರ ಉಪ್ಪುನೀರಿನ ಮಂಜಿನಲ್ಲಿ, 500 ಗಂಟೆ ತಾಳಬೇಕು. ಅಂದರೆ 21 ದಿನಕ್ಕೆ ತುಸು ಕಡಿಮೆ. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧವಿದ್ದಾಗ ದಡದಲ್ಲಿ ಮಳೆ ಕುಡಿಯುತ್ತ ನಿಂತ ಬೋಟಿಗೆ ಈ ಲೆಕ್ಕ ಹೇಳಿದರೆ ನಗು ಬರುತ್ತದೆ. ಪ್ರಯೋಗಾಲಯದ ಮಂಜು ನಮ್ಮ ಗಾಳಿಗಿಂತ ಉಗ್ರವೆಂಬುದನ್ನು ಒಪ್ಪೋಣ. ಆದರೆ ಅಲ್ಲಿ ಯಾರೂ ಕನೆಕ್ಟರನ್ನು ಅರ್ಧ ತಿರುಗಿಸಿ ಚಹಾಕ್ಕೆ ಹೋಗುವುದಿಲ್ಲ. ಒಂದು ಪೂರ್ಣ ಸುತ್ತು ತಿರುಗಿಸಿ ಸರಿಯಾಗಿ ಕೂಡಿಸಿದರೆ ಮುಚ್ಚಿಹೋಗುವ ಕೆಂಪು ಪಟ್ಟಿಯನ್ನು ಮೂರನೆಯ ಸರಣಿಗೆ ಬಳಿದಿರುವುದು ಇದಕ್ಕೆಂದೇ. ಕತ್ತಲಲ್ಲಿ ಆ ಕೆಂಪನ್ನು ನೋಡಲು ಬೇಕಾದ ದೀಪವೂ ಅದೇ ಕನೆಕ್ಟರಿನ ತುದಿಯಲ್ಲಿರಬಹುದು.

ಅಷ್ಟರಲ್ಲಿ ಬೋಟಿನ ಯಜಮಾನರೊಬ್ಬರು ಕೆಟ್ಟ ಸರ್ಚ್‌ಲೈಟಿನ ವಯರು ಹಿಡಿದು ಬಂದರು. ಹಿರಿಯರು ಎರಡೂ ತುದಿ ಸುಲಿದು, ಹುರಿ ಹೊಸೆದಂತೆ ಹೊಸೆದು, ಕಪ್ಪು ಟೇಪನ್ನು ಮೂರು ಸುತ್ತು ಸುತ್ತಿ ಕೊಟ್ಟರು. ಆಗಸ್ಟಿನಲ್ಲಿ ಬಿಚ್ಚುವಾಗ ಒಳಗಿನ ತಾಮ್ರವೂ ಹಸಿರಾಗಿರುತ್ತದಂತೆ, ಆಲಿವ್ ಹಸಿರಲ್ಲ ಅಷ್ಟೇ.