ತಜ್ಞರ ಸಲಹೆ, ಕಂಪನಿಯ ಹಣ

ಮಕ್ಕಳ ಪಾಲನೆಯ ತಜ್ಞರೊಬ್ಬರು ನಿನ್ನೆ ಆನ್‌ಲೈನ್ ಉಪನ್ಯಾಸದಲ್ಲಿ ಮಗುವಿಗೆ ಸಕ್ಕರೆಯ ರುಚಿ ಹತ್ತಿಸಬೇಡಿ ಎಂದು ಹೇಳಿ ಮುಗಿಸುವಷ್ಟರಲ್ಲೇ, ಸಿಹಿ ಪುಡಿ ಮಾರುವ ಕಂಪನಿಯೊಂದರ ಪ್ರಾಯೋಜಕತ್ವಕ್ಕೆ ಕೃತಜ್ಞತೆ ಸಲ್ಲಿಸಿ ರಿಯಾಯಿತಿ ಕೋಡ್ ಓದಿದರು. ಇನ್ನು ಸಹಿಸಲಾರೆ. ಹಾಲು ಕುಡಿಯದ ಮಗು, ತೂಕ ಏರದ ಮಗು, ಪರೀಕ್ಷೆಗೆ ಹೆದರುವ ಮಗು, ಹೀಗೆ ತಾಯಂದಿರ ಯಾವ ಆತಂಕವನ್ನು ಕೈಗೆತ್ತಿಕೊಂಡರೂ ಇವರ ಸಲಹೆ ಒಂದು ಡಬ್ಬಿಯ ಮುಂದೆಯೇ ಬಂದು ನಿಲ್ಲುವುದೇಕೆ?

ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ ಬಂದದ್ದು 1981ರಲ್ಲಿ. ನಮ್ಮ 1992ರ ಕಾಯ್ದೆ, 2003ರ ತಿದ್ದುಪಡಿಯ ನಂತರ, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೂ, ತಯಾರಕರು ವೈದ್ಯರಿಗೆ ಉಡುಗೊರೆ ಕೊಡುವುದನ್ನೂ, ಅವರ ಸಮ್ಮೇಳನಗಳಿಗೆ ಹಣ ಒದಗಿಸುವುದನ್ನೂ ನಿಷೇಧಿಸುತ್ತದೆ. ವೈದ್ಯರಿಗೆ ಸಲ್ಲದ ಹಣ, ಕ್ಯಾಮೆರಾ ಮುಂದೆ ಕುಳಿತ ಮಾತ್ರಕ್ಕೆ ಪಾಲನಾ ತಜ್ಞರಿಗೆ ಸಲ್ಲುತ್ತದೆಯೇ? ಮಗುವಿಗೆ ಎರಡು ವರ್ಷ ತುಂಬಿದ ಮರುದಿನವೇ ನೀತಿಯ ಅವಧಿಯೂ ಮುಗಿದುಹೋಗುತ್ತದೆಯೇ?

ಜರ್ಮನಿ, ಬ್ರಿಟನ್‌ಗಳಲ್ಲಿ ಸಕ್ಕರೆ ಸೇರಿಸದೆ ಮಾರುವ ಸೆರೆಲ್ಯಾಕ್‌ಗೆ ಭಾರತದಲ್ಲಿ ಸಕ್ಕರೆ ಬೆರೆಸಲಾಗುತ್ತಿದೆಯೆಂದು ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿತು. ಅದೇ ತಿಂಗಳು ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವಿಟಾದಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಇಷ್ಟೆಲ್ಲ ಸುದ್ದಿಯಾದ ಮೇಲೂ ಈ ತಜ್ಞರಿಗೆ ಏನೂ ಕೇಳಿಸಲಿಲ್ಲವೇ? ‘ನನ್ನ ಮಗುವಿಗೂ ಇದನ್ನೇ ಕೊಡುತ್ತೇನೆ’ ಎಂದು ದೊಡ್ಡ ದನಿಯಲ್ಲಿ ಹೇಳುವವರು, ಆ ಮಾತಿಗೆ ಸಂಭಾವನೆ ಪಡೆದಿರುವುದನ್ನು ಮಾತ್ರ ಭೂತಗನ್ನಡಿ ಹಿಡಿದರೂ ಕಾಣದ ಅಕ್ಷರಗಳಲ್ಲಿ ಪರದೆಯ ಮೂಲೆಗೆ ತಳ್ಳುತ್ತಾರೆ.