ಬಾಯಿ ತೆರೆದು ನಿಂತ ಮಧ್ಯಾಹ್ನ

ನಾಲಿಗೆಯ ಪಸೆ ಇನ್ನೂ ಮರಳಿಲ್ಲ. ನಿನ್ನೆ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಏಳೆಂಟು ನಿಮಿಷ ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿದ್ದೆ. ಮಳೆಗಾಗಿ ಅಲ್ಲ, ಮಗನಿಗಾಗಿ.

ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ನಾಲ್ಕು ಗಂಟೆಯ ದಾರಿ. ನಮಗೆ ಎಂಟು ಹಿಡಿಯಿತು. ಮಗನ ಮೊಬೈಲ್‌ನಲ್ಲಿ ದಾರಿಬದಿಯ ವಿಚಿತ್ರಗಳ ಪಟ್ಟಿಯೊಂದಿದೆ. ಊರಿನಲ್ಲಿ ಕಾರು ನಿಲ್ಲುವುದು ಎಳನೀರಿಗೆ, ತಪ್ಪಿದರೆ ಗುಡಿಗೆ. ಇವನು ನಾಮಫಲಕಕ್ಕೂ ನಿಲ್ಲಿಸಿದ. ‘ಝೈಝಿಕ್ಸ್’ (Zzyzx) ರಸ್ತೆಯಂತೆ. 1944ರಲ್ಲಿ ಅಲ್ಲಿ ಬಿಡಾರ ಹೂಡಿದ ಸ್ಪ್ರಿಂಗರ್ ಎಂಬಾತ, ಇಂಗ್ಲಿಷಿನ ಕಟ್ಟಕಡೆಯ ಪದ ತನ್ನ ಊರಿನದಾಗಲಿ ಎಂದು ಹೊಸೆದ ಹೆಸರು. ಹಾಜರಿ ಪುಸ್ತಕದಲ್ಲಿ ಕೊನೆಯ ಹೆಸರಿನವರು ಪಡುವ ಪಾಡು ಪಾಪ ಅವನಿಗೆ ಗೊತ್ತಿರಲಿಲ್ಲ. 1974ರಲ್ಲಿ ಸರ್ಕಾರ ಅವನನ್ನು ಅಲ್ಲಿಂದ ಎಬ್ಬಿಸಿತು. ಡಿಕ್ಕಿಯಲ್ಲಿದ್ದ ನಮ್ಮ ಮೊಸರನ್ನ ಅಷ್ಟರಲ್ಲಿ ಹುಳಿ ಹಿಡಿಯತೊಡಗಿತ್ತು.

ಮುಂದಿನ ಊರು ಬೇಕರ್. ಅಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಂತಿದೆ. 1913ರ ಜುಲೈ 10ರಂದು ಹತ್ತಿರದ ಡೆತ್ ವ್ಯಾಲಿಯಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತಲ್ಲ, ಡಿಗ್ರಿಗೊಂದು ಅಡಿ. ನಿನ್ನೆ ಅದು 108 ತೋರಿಸುತ್ತಿತ್ತು. ನಾವು ಬಿಸಿಲನ್ನು ಸೆಲ್ಸಿಯಸ್‌ನಲ್ಲೂ ಜ್ವರವನ್ನು ಫ್ಯಾರನ್‌ಹೀಟ್‌ನಲ್ಲೂ ಅಳೆಯುವ ಜನ. ನನ್ನವಳು ಅಂಕಿ ನೋಡಿದವಳೇ ಗಾಬರಿಯಾಗಿ, “ಇದಕ್ಕೆ ಒದ್ದೆ ಬಟ್ಟೆ ಸಾಲದು, ಅಡ್ಮಿಟ್ ಮಾಡಬೇಕು” ಎಂದಳು.

ಮಗನಿಗೆ ಹೊಳೆದದ್ದು ಬೇರೆ. ಗೋಪುರ ನನ್ನ ಬಾಯಲ್ಲಿ ಇಟ್ಟಂತೆ ಕಾಣುವ ಫೋಟೋ ಬೇಕು. “ಎಡಕ್ಕೆ ಬಾ ಅಪ್ಪಾ. ಅಯ್ಯೋ, ಮೂಗಿಗೆ ಹೋಯಿತು. ಬಲಕ್ಕೆ. ಬಾಯಿ ಇನ್ನೂ ಅಗಲ ಮಾಡು.” ಅವನು ನೆಲದ ಮೇಲೆ ಮಲಗಿದ್ದ, ಎದ್ದ, ಮತ್ತೆ ಮಲಗಿದ. ನಾನು ದಂತವೈದ್ಯರ ಮುಂದೆಯೂ ಇಷ್ಟು ತೆರೆದವನಲ್ಲ. ಕೊನೆಗೆ ದಾರಿಹೋಕ ಅಜ್ಜಿಯೊಬ್ಬಳು ನನಗೆ ಬಿಸಿಲು ಬಡಿದಿದೆ ಎಂದುಕೊಂಡು ಓಡಿಬಂದು ನೀರಿನ ಬಾಟಲಿ ಕೊಟ್ಟಳು. ಕುಡಿದು ಬಾಯಿ ಮುಚ್ಚಿದೆ. “ಥೂ, ಈಗ ತಾನೇ ಸರಿಯಾಗಿ ಕೂತಿತ್ತು!” ಎಂದು ಮಗ ನೆಲ ಗುದ್ದಿದ. ನೆಲ ಕಾದಿತ್ತು; ಕೈ ಸುಟ್ಟುಕೊಂಡ. ನನಗೆ ಸ್ವಲ್ಪ ಸಮಾಧಾನವಾಯಿತು.

ಹಾಗೆ ನಿಂತಾಗ ಅವ್ವ ನೆನಪಾದಳು. ಮಣಿಕಟ್ಟು ಝಾಡಿಸಿ ಪಾದರಸ ಇಳಿಸಿ, ಗಾಜಿನ ಕಡ್ಡಿಯನ್ನು ಕಂಕುಳಲ್ಲಿ ಇಡುತ್ತಿದ್ದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುವಳು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ನೋಡಿ ಮುಗಿಸಿ, ಹಣೆಯ ಮೇಲೆ ಅಂಗೈ ಇಟ್ಟು ನಿರ್ಧರಿಸುವಳು.

“ಇನ್ನೊಂದು ಗಂಟೆಗೆ ಬಣ್ಣ ಬಳಿದ ಬಂಡೆಗಳ ರಾಶಿಗಳು ಸಿಗುತ್ತವೆ, ಏಳು ರಾಶಿ” ಎಂದ ಮಗ, ಕಾರು ಹತ್ತುತ್ತಾ. “ಅಲ್ಲಿ ನೀನು ತಲೆಯ ಮೇಲೆ ಹೊತ್ತಂತೆ ತೆಗೆಯೋಣ.”

ಅಷ್ಟರಲ್ಲಿ ಫೋಟೋ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಅದರಲ್ಲಿ ಥರ್ಮಾಮೀಟರ್ ನನ್ನ ಕಿವಿಯಿಂದ ಎದ್ದಿದೆ. ರಾಯಚೂರಿನಿಂದ ಅಣ್ಣನ ಉತ್ತರ ಬಂತು: “108 ಅಂದರೆ 42 ತಾನೇ? ಇಲ್ಲೂ ಅಷ್ಟೇ ಇದೆ. ಇದಕ್ಕೆ ವೀಸಾ ಬೇಕಾಯಿತೇನೋ?”